ತೂತಿನ ಡಿಸ್ಕೋ, ಗೀರಿನ ಡಿಸ್ಕೋ, ಬೋಳು ಡಿಸ್ಕೋ? ವೇಗದ ಕಾರಿಗೆ ಬ್ರೇಕ್ ಡಿಸ್ಕ್ ಆರಿಸುವ ಬಗೆ

ಕಾರಿಗೆ ರೀಮ್ಯಾಪ್ (ಬಲ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿದವರು ಮರುದಿನವೇ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಬ್ರೇಕ್‌ಗೆ ಯಾವ ಡಿಸ್ಕ್ ಹಾಕಿಸಲಿ? ತೂತು ಇರೋದಾ, ಗೀರು ಇರೋದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುವುದು ವಾಸಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ, ಹೆದ್ದಾರಿಯಲ್ಲಿ, ಆಗಾಗ ಘಾಟಿಯಲ್ಲಿ ಓಡುವ ಕಾರಿಗೆ ತೂತೂ ಗೀರೂ ಇಲ್ಲದ, ಒಳ್ಳೆ ಕಂಪನಿಯ ಬೋಳು ಡಿಸ್ಕ್ ಸಾಕು. ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಗೀರಿನ ಡಿಸ್ಕ್. ತೂತಿನ ಡಿಸ್ಕ್ ಬಹುಪಾಲು ಕಣ್ಣಿಗೆ ಚೆಂದ, ಅಷ್ಟೇ. ಇಷ್ಟು ಗೊತ್ತಾದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಅಂಗಡಿಯವರು ಬೇರೆ ಕಥೆ ಹೇಳಿದಾಗ ಎದುರು ಮಾತಾಡಲು ಕಾರಣ ಗೊತ್ತಿರಬೇಕಲ್ವಾ? ಅದಕ್ಕೆ ಮುಂದಿನದು.

ಇಲ್ಲಿ ಪದೇ ಪದೇ ಬರುವ ಕೆಲವು ಹೆಸರುಗಳು. ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆಯೇ ಡಿಸ್ಕ್. ಕ್ಯಾಟಲಾಗ್‌ಗಳಲ್ಲಿ ಇದನ್ನೇ ರೋಟರ್ ಎನ್ನುತ್ತಾರೆ. ಅದನ್ನು ಎರಡೂ ಕಡೆಯಿಂದ ಹಿಡಿದು ಒತ್ತುವುದು ಪ್ಯಾಡ್. ಪ್ಯಾಡನ್ನು ತಳ್ಳುವ ಹಿಡಿ ಕ್ಯಾಲಿಪರ್. ಡಿಸ್ಕ್ ಕೂರುವ ಜಾಗ ಹಬ್. ಡಿಸ್ಕಿನ ನಡುವೆ ಟೋಪಿಯಂತೆ ಎದ್ದಿರುವ ಭಾಗವನ್ನು ಹ್ಯಾಟ್ ಅಥವಾ ಬೆಲ್ ಎನ್ನುತ್ತಾರೆ. ಪೆಡಲ್ ಒತ್ತಡವನ್ನು ಕ್ಯಾಲಿಪರ್‌ವರೆಗೆ ಒಯ್ಯುವ ಬ್ರೇಕ್ ಫ್ಲೂಯಿಡ್‌ಗೆ ನಮ್ಮ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ಹೆಸರು.

ಹಂತ 1: ನಿಮ್ಮ ಕಾರು ಎಷ್ಟು ಶಾಖ ಹುಟ್ಟಿಸುತ್ತದೆ, ನೋಡಿಕೊಳ್ಳಿ

ಓಟದ ಶಕ್ತಿಯನ್ನು ಶಾಖ ಮಾಡಿ ಗಾಳಿಗೆ ಬಿಡುವುದೇ ಬ್ರೇಕಿನ ಕೆಲಸ. 1400 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 540 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು 140ರಿಂದ ನಿಂತರೆ ಸುಮಾರು 1060 ಕಿಲೋಜೂಲ್. ವೇಗ ಒಂದೂವರೆ ಪಟ್ಟೂ ಏರಿಲ್ಲ, ಶಾಖ ಎರಡು ಪಟ್ಟಿನ ಹತ್ತಿರ. ರೀಮ್ಯಾಪ್ ಆದ ಕಾರಿಗೆ ಬ್ರೇಕ್ ಸಾಲದು ಅನಿಸುವುದು ಇದಕ್ಕೇ. ಎಂಜಿನ್ ಬಲ ಜಾಸ್ತಿಯಾದಾಗ ನೀವು ಪ್ರತಿ ತಿರುವಿಗೂ ಮೊದಲಿಗಿಂತ ಹೆಚ್ಚು ವೇಗದಲ್ಲಿ ಬರುತ್ತೀರಿ.

ಜೋರಾಗಿ ಬ್ರೇಕ್ ಹಾಕಿದಾಗ ಕಾರು ಮೂಗು ತಗ್ಗಿಸುತ್ತದೆ, ಭಾರ ಮುಂದಕ್ಕೆ ಬರುತ್ತದೆ. ಹಾಗಾಗಿ ಕೆಲಸದ ಶೇ 70ರಷ್ಟು ಮುಂದಿನ ಎರಡು ಡಿಸ್ಕ್‌ಗಳ ಪಾಲು. ಮುಂದಿನ ಒಂದು ಡಿಸ್ಕ್ 8 ಕೆ.ಜಿ. ಇದ್ದರೆ, 100ರಿಂದ ಒಮ್ಮೆ ನಿಂತಾಗ ಅದರ ಬಿಸಿ 45–50 ಡಿಗ್ರಿ ಏರುತ್ತದೆ. 6 ಕೆ.ಜಿ. ಇದ್ದರೆ 60 ಡಿಗ್ರಿ ದಾಟುತ್ತದೆ. ದೋಸೆ ಕಾವಲಿ ದಪ್ಪ ಇದ್ದಷ್ಟೂ ಬಿಸಿ ಸಟ್ಟನೆ ಏರುವುದಿಲ್ಲವಲ್ಲ, ಡಿಸ್ಕಿಗೂ ಅದೇ ನಿಯಮ. ಕಬ್ಬಿಣ ಎಷ್ಟಿದೆ, ಒಳಗೆ ಗಾಳಿ ಎಷ್ಟು ಆಡುತ್ತದೆ ಎನ್ನುವುದೇ ಮುಖ್ಯ. ಮೇಲಿನ ತೂತು, ಗೀರು ಎಲ್ಲ ಆಮೇಲಿನ ಮಾತು.

ಈಗ ಘಾಟಿ ಲೆಕ್ಕ. ಅದೇ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 6,900 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಎಲ್ಲವನ್ನೂ ಬ್ರೇಕ್ ಮೇಲೇ ಹಾಕಿದರೆ 100ರಿಂದ ಹನ್ನೆರಡು-ಹದಿಮೂರು ಸಲ ಪೂರ್ತಿ ನಿಲ್ಲಿಸಿದಷ್ಟು. ಆಗುಂಬೆಯ 14 ತಿರುವನ್ನು ಟಾಪ್ ಗೇರಲ್ಲಿ, ಕಾಲು ಪೆಡಲಿನ ಮೇಲೇ ಇಟ್ಟು ಇಳಿಯುವವರ ಕಾರಿನಿಂದ ಸುಟ್ಟ ವಾಸನೆ ಬರುವುದು ಇದರಿಂದಲೇ. ಇವರಿಗೆ ಬೇಕಾದದ್ದು ಹೊಸ ಡಿಸ್ಕ್ ಅಲ್ಲ, ಎರಡನೇ ಗೇರು. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್. ಖರ್ಚೂ ಇಲ್ಲ.

ಟ್ರ್ಯಾಕ್ ಬೇರೆಯೇ ಲೋಕ. ಬೆಂಗಳೂರಿನವರು ಸಾಮಾನ್ಯವಾಗಿ ಹೋಗುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಚೆನ್ನೈನ ಟ್ರ್ಯಾಕ್ ಒಂದು ಸುತ್ತಿಗೆ 3.7 ಕಿ.ಮೀ. ಅಷ್ಟರಲ್ಲೇ ಹಲವು ಸಲ ಜೋರಾಗಿ ಬ್ರೇಕ್ ಹಾಕಬೇಕು, ಆರಲು ಪುರಸೊತ್ತಿಲ್ಲ, ಮತ್ತೆ ಮುಂದಿನ ಸುತ್ತು. ಬೀದಿಯಲ್ಲಿ ವರ್ಷವಿಡೀ ಕಾಣದ ಬಿಸಿಯನ್ನು ಡಿಸ್ಕ್ ಅಲ್ಲಿ ಕೆಲವೇ ಸುತ್ತುಗಳಲ್ಲಿ ಕಾಣುತ್ತದೆ.

ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಪ್ರಾಮಾಣಿಕವಾಗಿ ತೀರ್ಮಾನಿಸಿ. ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗಬೇಕೆಂಬ ಆಸೆ ಇದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 2: ತೊಂದರೆ ನಿಜಕ್ಕೂ ಡಿಸ್ಕಿನದೇ?

"ಬ್ರೇಕ್ ಸರಿ ಇಲ್ಲ" ಎಂಬ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ.

ಬಿಸಿಯಾದ ಮೇಲೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಅದು ಆಯಿಲ್ ಕುದಿಯುವ ಲಕ್ಷಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದೇ ಅಂಕಿ 260 ಮತ್ತು 180. ಕುದಿದಾಗ ಪೈಪಿನಲ್ಲಿ ಆವಿ ಗುಳ್ಳೆ ಆಗುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಮಾತ್ರ ಅಮುಕುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಇದನ್ನು ಮುಂದೂಡಲೇಬಾರದು. ಎಚ್ಚರ: ಡಾಟ್ 5 ಎಂದರೆ ಸಿಲಿಕೋನ್ ಆಯಿಲ್. ಅದು 5.1ರ ತಮ್ಮನಲ್ಲ, ಬೇರೆಯೇ ಜಾತಿ. ನಿಮ್ಮ ಕಾರಿಗೆ ಹಾಕಬೇಡಿ.

ಪೆಡಲ್ ಗಟ್ಟಿಯಾಗೇ ಇದೆ, ಆದರೆ ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ತನ್ನ ಬಿಸಿಯ ಮಿತಿ ದಾಟಿದೆ. ಇದೇ ಬ್ರೇಕ್ ಫೇಡ್. ಇದಕ್ಕೆ ಮೊದಲ ಮದ್ದು ಒಳ್ಳೆ ಪ್ಯಾಡ್. ಎಷ್ಟೋ ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರದ ಗುರುತು ಇರುತ್ತದೆ: ಇಇ, ಎಫ್‌ಎಫ್, ಜಿಜಿ ಹೀಗೆ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿನ ಹಿಡಿತ. ಎಫ್ ಎಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲಿನದಕ್ಕಿಂತ ಕೆಳಗಿನ ದರ್ಜೆಯದಾದರೆ ಆ ಪ್ಯಾಡ್ ಬಿಸಿಯಲ್ಲಿ ಕೈಕೊಡುತ್ತದೆ ಎಂದರ್ಥ. ಹಾಗಂತ ಪಕ್ಕಾ ರೇಸಿನ ಪ್ಯಾಡನ್ನು ಊರಲ್ಲಿ ಓಡಿಸುವ ಕಾರಿಗೆ ಹಾಕಬೇಡಿ. ಬೆಳಿಗ್ಗೆ ಮನೆಯಿಂದ ಹೊರಟಾಗ ಅದು ತಣ್ಣಗಿರುತ್ತದೆ, ಸರಿಯಾಗಿ ಕಚ್ಚುವುದಿಲ್ಲ. ಮೊದಲ ಸಿಗ್ನಲ್ಲಿನಲ್ಲೇ ಎದೆ ಝಲ್ಲೆನ್ನುತ್ತದೆ.

ಮೂರನೆಯದು ನಡುಕ. ಹೆದ್ದಾರಿ ವೇಗದಲ್ಲಿ ಬ್ರೇಕ್ ಹಾಕಿದರೆ ಸ್ಟೀರಿಂಗ್ ಅದುರುತ್ತದೆ. ಗ್ಯಾರೇಜಿನವರು "ಡಿಸ್ಕ್ ಬೆಂಡ್ ಆಗಿದೆ ಸಾರ್" ಎಂದು ಮುಗಿಸಿಬಿಡುತ್ತಾರೆ. ಡಿಸ್ಕ್ ಸೊಟ್ಟಗಾಗುವುದು ನಿಜಕ್ಕೂ ಅಪರೂಪ. ಹೆಚ್ಚಿನ ಸಲ ಆಗಿರುವುದು ಇಷ್ಟು: ಪ್ಯಾಡಿನ ಮಸಾಲೆ ಡಿಸ್ಕಿನ ಮುಖಕ್ಕೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಅಂಟಿರುತ್ತದೆ. ಇಲ್ಲವೇ ಹಬ್ ಮೇಲಿನ ತುಕ್ಕಿನಿಂದ ಡಿಸ್ಕ್ ಓರೆಯಾಗಿ ಕೂತಿರುತ್ತದೆ. ಹಬ್ ತಿಕ್ಕದೆ ಹೊಸ ಡಿಸ್ಕ್ ಹಾಕಿಸಿದರೆ ನಡುಕ ಕೆಲವೇ ತಿಂಗಳಲ್ಲಿ ಮತ್ತೆ ಬರುತ್ತದೆ.

ಆಯಿಲ್, ಪ್ಯಾಡ್, ಟೈರ್ ಮೂರೂ ಸರಿಯಿದ್ದು ಆಮೇಲೂ ಬ್ರೇಕ್ ಸಾಲದಿದ್ದರೆ ಮಾತ್ರ ಡಿಸ್ಕಿನ ಕಡೆ ನೋಡಿ. ಹಳೆಯದು ಸವೆದು ಬದಲಿಸುವ ಹೊತ್ತು ಬಂದಿದ್ದರೂ ಸರಿ.

ಹಂತ 3: ಮುಖಕ್ಕಿಂತ ಮೊದಲು ಒಳಗನ್ನು ನೋಡಿ

ಡಿಸ್ಕನ್ನು ಕೈಯಲ್ಲಿ ಹಿಡಿದು ಅಂಚಿನ ಕಡೆಯಿಂದ ನೋಡಿ. ಒಂದೇ ಗಟ್ಟಿ ಬಿಲ್ಲೆಯಾದರೆ ಅದು ಸಾಲಿಡ್. ಎರಡು ಬಿಲ್ಲೆಗಳ ನಡುವೆ ರೆಕ್ಕೆಗಳಿದ್ದು ಗಾಳಿಗೆ ದಾರಿ ಇದ್ದರೆ ಅದು ವೆಂಟಿಲೇಟೆಡ್. ತಿರುಗುವಾಗ ಇದು ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಡಿಸ್ಕ್ ತಣ್ಣಗಾಗುವುದು ಮುಖ್ಯವಾಗಿ ಇಲ್ಲಿಂದ. ವೇಗದ ಕಾರಿನ ಮುಂದಿನ ಚಕ್ರಕ್ಕೆ ವೆಂಟಿಲೇಟೆಡ್ ಅಲ್ಲದ್ದು ಬೇಡವೇ ಬೇಡ. ಹಿಂದಕ್ಕೆ ಸಾಲಿಡ್ ನಡೆಯುತ್ತದೆ. ನಮ್ಮಲ್ಲಿ ಎಷ್ಟೋ ಟರ್ಬೊ ಕಾರುಗಳಿಗೆ ಹಿಂದೆ ಇನ್ನೂ ಡ್ರಮ್ ಬ್ರೇಕೇ ಇದೆ; ಡ್ರಮ್ ಒಳ್ಳೆ ಸ್ಥಿತಿಯಲ್ಲಿದ್ದರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರೆಕ್ಕೆಗಳಲ್ಲಿ ಮೂರು ಬಗೆ. ನೇರ ರೆಕ್ಕೆಯ ಡಿಸ್ಕ್ ಅಗ್ಗ, ಎಡಕ್ಕೂ ಬಲಕ್ಕೂ ಒಂದೇ. ಕಂಬದಂಥ ರೆಕ್ಕೆಯಲ್ಲಿ ಗಾಳಿ ಎಲ್ಲ ಕಡೆ ಆಡುತ್ತದೆ, ಬಿರುಕು ಉದ್ದಕ್ಕೆ ಓಡುವುದೂ ಕಡಿಮೆ. ಆಸ್ಟ್ರೇಲಿಯಾದ ಡಿಬಿಎ ಕಂಪನಿಯ ಡಿಸ್ಕ್‌ಗಳಲ್ಲಿ ಈ ಕಂಬಗಳು ಕಾಂಗರೂ ಪಾದದ ಆಕಾರದಲ್ಲಿರುತ್ತವೆ. ಬಾಗಿದ ರೆಕ್ಕೆಯದು ಗಾಳಿ ಎಳೆಯುವುದರಲ್ಲಿ ಎಲ್ಲಕ್ಕಿಂತ ಮುಂದು, ಆದರೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಇದನ್ನು ಅದಲುಬದಲು ಹಾಕುವುದೇ ಗ್ಯಾರೇಜುಗಳಲ್ಲಿ ಆಗುವ ದೊಡ್ಡ ತಪ್ಪು. ಹಂತ 7ರಲ್ಲಿ ಮತ್ತೆ ಹೇಳುತ್ತೇನೆ.

ಇನ್ನು ಲೋಹ. ಬಹುತೇಕ ಎಲ್ಲ ಡಿಸ್ಕ್‌ಗಳೂ ಬೀಡು ಕಬ್ಬಿಣದವು. ಹೈ ಕಾರ್ಬನ್ ಎಂದು ಬರೆದಿರುವವುಗಳಲ್ಲಿ ಇಂಗಾಲ ಸ್ವಲ್ಪ ಜಾಸ್ತಿ, ಸಾಮಾನ್ಯವಾಗಿ ಶೇ 3.6ಕ್ಕಿಂತ ಮೇಲೆ. ಆ ಹೆಚ್ಚಿನ ಇಂಗಾಲ ಕಬ್ಬಿಣದೊಳಗೆ ಗ್ರಾಫೈಟ್ ಪದರಗಳಾಗಿ ಕೂತು ಶಾಖವನ್ನು ಬೇಗ ಹರಡುತ್ತದೆ, ಕೀರಲು ಶಬ್ದವನ್ನೂ ಅಡಗಿಸುತ್ತದೆ. ಬಿಸಿಗೆ ಬಿರುಕು ಬಿಡುವುದು ಕಡಿಮೆ. ನನ್ನ ಕೇಳಿದರೆ, ತೂತಿಗೆ ಕೊಡುವ ಹೆಚ್ಚಿನ ದುಡ್ಡನ್ನು ಹೈ ಕಾರ್ಬನ್‌ಗೆ ಕೊಡಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇನ್ನೊಂದು ನೋಡಬೇಕು: ಲೇಪನ. ಉಪ್ಪುಗಾಳಿಗೆ ಲೇಪನವಿಲ್ಲದ ಕಬ್ಬಿಣ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ. ಪ್ಯಾಡ್ ಉಜ್ಜುವ ಮುಖದ ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಹ್ಯಾಟ್ ಮೇಲಿನದು, ರೆಕ್ಕೆಗಳ ಒಳಗಿನದು ಹೋಗುವುದಿಲ್ಲ. ಸತು ಲೇಪನ ಇರುವ ಡಿಸ್ಕ್‌ಗೆ ಅಲ್ಲಿ ಖಂಡಿತ ಬೆಲೆ ಇದೆ.

ಹಂತ 4: ಮುಖ ಆರಿಸುವುದು

*ಬೋಳು ಮುಖ.* ಪ್ಯಾಡಿಗೆ ಪೂರ್ತಿ ಜಾಗ ಸಿಗುತ್ತದೆ, ಸದ್ದಿಲ್ಲ, ಪ್ಯಾಡ್ ಸವೆಯುವುದೂ ಕಡಿಮೆ, ಬಿರುಕು ಶುರುವಾಗಲು ಮೂಲೆಗಳಿಲ್ಲ. ನೋಡಲು ಸಪ್ಪೆ, ಅದೊಂದೇ ಕೊರತೆ. ಒಳ್ಳೆ ಪ್ಯಾಡ್, ಹೊಸ ಆಯಿಲ್ ಜೊತೆಗಿದ್ದರೆ ಘಾಟಿ ಓಡಿಸುವವರಿಗೂ ಇದೇ ಸಾಕು.

*ತೂತಿನ ಮುಖ.* ತೂತಿನ ಹಿಂದೆ ಒಂದು ಕಾಲದಲ್ಲಿ ಕಾರಣ ಇತ್ತು. ಹಳೆಯ ಕಾಲದ ಪ್ಯಾಡುಗಳ ಅಂಟು ಜಾಸ್ತಿ ಬಿಸಿಗೆ ಗ್ಯಾಸ್ ಬಿಡುತ್ತಿತ್ತು. ಆ ಗ್ಯಾಸ್ ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿಕೊಂಡು ಹಿಡಿತ ತಪ್ಪಿಸುತ್ತಿತ್ತು. ಹೊರಗೆ ಹೋಗಲಿ ಎಂದು ತೂತು ಕೊರೆದರು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಉಳಿದಿರುವ ಲಾಭ ಎರಡು: ಮಳೆಯಲ್ಲಿ ಮುಖದ ನೀರು ಬೇಗ ಹೋಗಿ ಮೊದಲ ಕಚ್ಚು ಚೆನ್ನಾಗಿರುತ್ತದೆ, ತೂಕ ಒಂದಿಷ್ಟು ಇಳಿಯುತ್ತದೆ. ಆ ಒಂದಿಷ್ಟು ಎಷ್ಟು? 6 ಮಿ.ಮೀ. ಅಗಲದ 60 ತೂತು, ಎರಡೂ ಬಿಲ್ಲೆ ಸೇರಿ 14 ಮಿ.ಮೀ. ದಪ್ಪ ಎಂದಿಟ್ಟುಕೊಂಡರೆ ಹೋಗುವ ಕಬ್ಬಿಣ ಸುಮಾರು 170 ಗ್ರಾಂ. ಕಾರಿಗೆ ಅದು ಗೊತ್ತೂ ಆಗುವುದಿಲ್ಲ.

ನಿಜವಾದ ತೊಂದರೆ ಬಿರುಕು. ಡಿಸ್ಕ್ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಈ ಎಳೆದಾಟ ತೂತಿನ ಅಂಚಿನಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಓಡಿಸಿದ ತೂತಿನ ಡಿಸ್ಕನ್ನು ಹತ್ತಿರದಿಂದ ನೋಡಿ: ಒಂದೊಂದು ತೂತಿನಿಂದಲೂ ಕೂದಲೆಳೆಯಂಥ ಗೆರೆ ಹೊರಟು ಪಕ್ಕದ ತೂತಿನ ಕಡೆ ನಡೆದಿರುತ್ತದೆ. ಎರಡು ತೂತು ಸೇರಿದ ದಿನ ಡಿಸ್ಕ್ ಕಸದ ಬುಟ್ಟಿಗೆ.

"ಹಾಗಾದರೆ ಪೋರ್ಷೆಯವರೇ ತೂತಿನದು ಹಾಕ್ತಾರಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಹೌದು, ಹಾಕುತ್ತಾರೆ. ಆದರೆ ಅವರ ಡಿಸ್ಕಿನ ಅಳತೆ, ರೆಕ್ಕೆ ಎಲ್ಲಿ ಬರುತ್ತದೆ, ತೂತು ಎಲ್ಲಿ ಬೀಳಬೇಕು ಎಲ್ಲವನ್ನೂ ಒಟ್ಟಿಗೇ ಲೆಕ್ಕ ಹಾಕಿ ಮಾಡಿರುತ್ತಾರೆ. ಹಾಗಿದ್ದೂ ಆ ಕಾರುಗಳನ್ನು ಟ್ರ್ಯಾಕಲ್ಲಿ ಬಿಡುವಿಲ್ಲದೆ ಓಡಿಸುವವರು ಬಿರುಕು ನೋಡಿ ಡಿಸ್ಕ್ ಬದಲಿಸುತ್ತಲೇ ಇರುತ್ತಾರೆ. ಗೀರಿನದಕ್ಕೆ ಬದಲಾದವರೂ ಬೇಕಾದಷ್ಟು ಜನ. ನಮ್ಮಲ್ಲಿ ಅಂಗಡಿಗೆ ಬರುವ ಅಗ್ಗದ ಮಾಲು ಬೇರೆಯೇ. ಮಾಮೂಲಿ ಬೋಳು ಡಿಸ್ಕನ್ನೇ ಡ್ರಿಲ್ಲಿಂಗ್ ಮೆಷಿನ್ ಕೆಳಗಿಟ್ಟು ಕೊರೆದಿರುತ್ತಾರೆ. ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ತೂತು ಎರಡು ರೆಕ್ಕೆಗಳ ನಡುವೆ ಬೀಳದೆ ರೆಕ್ಕೆಯನ್ನೇ ಅರ್ಧ ಕಡಿದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ತೂತಿನ ಬಾಯಿಗೆ ಉಗುರು ತಾಗಿಸಿ ನೋಡಿ. ಅಂಚು ಇಳಿಜಾರಾಗಿ ನಯವಾಗಿರಬೇಕು, ಚುಚ್ಚಬಾರದು.

ಹಳ್ಳಿ ರಸ್ತೆಯಲ್ಲಿ ಓಡಾಡುವವರಿಗೆ ಇನ್ನೊಂದು ಕಿರಿಕಿರಿ ಇದೆ. ಕೆಸರು, ಸಣ್ಣ ಜಲ್ಲಿ ತೂತಿಗೆ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಕಡ್ಡಿ ಹಿಡಿದು ಒಂದೊಂದೇ ಬಿಡಿಸುತ್ತ ಕೂರಬೇಕು.

*ಗೀರಿನ ಮುಖ.* ಇದೇ ಸ್ಲಾಟೆಡ್ ಡಿಸ್ಕ್. ಮುಖದ ಮೇಲೆ ಸಣ್ಣ ಕಾಲುವೆಯಂಥ ಗೀರುಗಳು, ಡಿಸ್ಕಿನ ಆಚೆ ಹೋಗುವುದಿಲ್ಲ. ಪ್ಯಾಡಿನ ಮೇಲ್ಪದರವನ್ನು ಪ್ರತಿ ಸುತ್ತಿಗೂ ಒಂದಿಷ್ಟು ಕೆರೆದು ತಾಜಾ ಇಡುತ್ತವೆ. ಗ್ಯಾಸ್, ದೂಳು, ನೀರು ಹೊರಗೆ ಹೋಗುತ್ತವೆ. ಬಿಸಿಗೆ ಪ್ಯಾಡಿನ ಮುಖ ಗಾಜಿನಂತೆ ನುಣ್ಣಗಾಗುವುದನ್ನು ತಡೆಯುತ್ತವೆ. ಬಿರುಕಿನ ಭಯ ತೂತಿಗಿಂತ ಬಹಳ ಕಡಿಮೆ. ಬೆಲೆ ತೆರಬೇಕಾದದ್ದು ಎರಡು ಕಡೆ: ಪ್ಯಾಡ್ ಬೇಗ ಸವೆಯುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಒಂದು ಬಗೆಯ ಗುರ್ ಸದ್ದು ಬರುತ್ತದೆ. ಕೆಲವರಿಗೆ ಆ ಸದ್ದೇ ಇಷ್ಟ! ಗೀರು ಡಿಸ್ಕಿನ ಹೊರ ಅಂಚನ್ನು ಮುಟ್ಟದೆ ಸ್ವಲ್ಪ ಒಳಗೇ ನಿಂತಿರುವುದನ್ನು ಆರಿಸಿ. ಅಂಚು ಕಡಿದುಕೊಂಡು ಹೋಗುವ ಗೀರು ಬಿರುಕಿಗೆ ಬಾಗಿಲು.

ಜೆ-ಹುಕ್ ಎನ್ನುವುದು ಗಾಳದ ಆಕಾರದ ಗೀರು. ಇಂಗ್ಲೆಂಡಿನ ಎಪಿ ರೇಸಿಂಗ್‌ನವರ ಡಿಸ್ಕ್‌ಗಳಿಂದ ಹೆಸರಾಯಿತು. ಕಚ್ಚು ಜೋರು, ಪ್ಯಾಡ್ ತಿನ್ನುವುದೂ ಜೋರು. ಇಬಿಸಿ ಕಂಪನಿಯವರ ಒಂದು ಬಗೆಯಲ್ಲಿ ಗೀರಿನ ಜೊತೆ ಸಣ್ಣ ಗುಳಿಗಳಿರುತ್ತವೆ. ದೂರದಿಂದ ತೂತಿನಂತೆ ಕಾಣುತ್ತದೆ, ಆದರೆ ಆರಪಾರ ಇಲ್ಲ. ತೂತಿನ ಚೆಂದವೇ ಬೇಕು ಎಂದು ಹಟ ಹಿಡಿದವರಿಗೆ ನಾನು ಹೇಳುವುದು ಇದನ್ನೇ. ತೂತು ಗೀರು ಎರಡೂ ಇರುವ ಡಿಸ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡರ ದೋಷವೂ ಅದರಲ್ಲಿದೆ.

ಹಂತ 5: ಒಂದೇ ತುಂಡೋ, ಎರಡು ತುಂಡೋ

ಎರಡು ತುಂಡಿನ ಡಿಸ್ಕಿನಲ್ಲಿ ಹ್ಯಾಟ್ ಅಲ್ಯೂಮಿನಿಯಂದು, ಸುತ್ತಿನ ಬಳೆ ಕಬ್ಬಿಣದ್ದು. ಎರಡನ್ನೂ ಬೋಲ್ಟು ಇಲ್ಲವೇ ಬಾಬಿನ್ ಎಂಬ ಸಣ್ಣ ಉರುಳೆಗಳು ಹಿಡಿದಿರುತ್ತವೆ. ಒಂದೇ ತುಂಡಿನ ಡಿಸ್ಕಿನಲ್ಲಿ ಹೊರಸುತ್ತು ಕಾದು ಹಿಗ್ಗಿದಾಗ ಹ್ಯಾಟ್ ತಣ್ಣಗೇ ಇದ್ದು ಎಳೆದು ಹಿಡಿಯುತ್ತದೆ, ಡಿಸ್ಕ್ ಸ್ವಲ್ಪ ಬೋಗುಣಿಯಾಗಿ ಬಾಗುತ್ತದೆ. ಎರಡು ತುಂಡಿನ ತೇಲುವ ಬಗೆಯಲ್ಲಿ ಬಳೆಗೆ ಹಿಗ್ಗಲು ಜಾಗ ಇರುತ್ತದೆ. ಹಬ್ಬಿಗೂ ಬೇರಿಂಗಿಗೂ ಹೋಗುವ ಬಿಸಿ ಕಡಿಮೆ. ಸ್ಪ್ರಿಂಗಿನ ಕೆಳಗಿನ ತೂಕವೂ, ಅಂದರೆ ಚಕ್ರದ ಜೊತೆ ಏರಿಳಿಯುವ ತೂಕವೂ ಇಳಿಯುತ್ತದೆ. ಮುಂದಿನ ಸಲ ಬಳೆ ಮಾತ್ರ ಬದಲಿಸಿದರೆ ಆಯಿತು.

ಆದರೆ ಬೆಲೆ ಜಾಸ್ತಿ. ಗುಂಡಿ ರಸ್ತೆಯಲ್ಲಿ ಕಟಕಟ ಸದ್ದು ಬರಬಹುದು, ಬಾಬಿನ್ ಆಗಾಗ ನೋಡುತ್ತಿರಬೇಕು. ಟ್ರ್ಯಾಕಿಗೆ ಪದೇ ಪದೇ ಹೋಗುವವರನ್ನು ಬಿಟ್ಟರೆ ಬೇರೆ ಯಾರಿಗೂ ಬೇಕಿಲ್ಲ.

ಕಬ್ಬಿಣದ ಬದಲು ಕಾರ್ಬನ್ ಸೆರಾಮಿಕ್ ಡಿಸ್ಕ್? ಪೋರ್ಷೆ 2001ರ 911 ಜಿಟಿ2ಗೆ ಹಾಕಿದಾಗಿನಿಂದ ಸೂಪರ್‌ಕಾರುಗಳ ಪಾಲಾಗಿದೆ. ಕಬ್ಬಿಣದ ಅರ್ಧದಷ್ಟು ತೂಕ, ತುಕ್ಕಿಲ್ಲ. ಅದಕ್ಕೆಂದೇ ಮಾಡಿದ ಪ್ಯಾಡ್ ಬೇಕು. ಚಕ್ರ ಬಿಚ್ಚುವಾಗ ತಾಗಿ ಅಂಚು ಸೀಳಿದರೆ ಮುಗಿಯಿತು. ಕಾರಿನ ಜೊತೆ ಬಂದಿದ್ದರೆ ಇಟ್ಟುಕೊಳ್ಳಿ, ಹೊರಗಿನಿಂದ ಕೊಳ್ಳಲು ಹೋಗಬೇಡಿ.

ಹಂತ 6: ಅಳತೆ, ಖರೀದಿ

ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಒಂದು ಸಲದ ಬ್ರೇಕಿಗೆ ಇದು ನಿಜವಲ್ಲ. ಈಗಿರುವ ಬ್ರೇಕೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಒತ್ತಬಲ್ಲದು ಎಂದಾದರೆ ಮಿತಿ ಇರುವುದು ಟೈರಿನಲ್ಲಿ. ದೊಡ್ಡ ಡಿಸ್ಕಿನ ಲಾಭ ಕಾಣುವುದು ಮತ್ತೆ ಮತ್ತೆ ಬ್ರೇಕ್ ಹಾಕಿದಾಗ: ಕಬ್ಬಿಣ ಜಾಸ್ತಿ, ಬಿಸಿ ನಿಧಾನ. ಮುಂದಿನದನ್ನು ಮಾತ್ರ ತೀರಾ ದೊಡ್ಡದು ಮಾಡಿದರೆ ಮುಂದಿನ ಚಕ್ರ ಬೇಗ ಲಾಕ್ ಆಗಲು ನೋಡುತ್ತದೆ, ಹಿಂದಿನ ಬ್ರೇಕ್ ಪೂರ್ತಿ ದುಡಿಯುವ ಮೊದಲೇ ಎಬಿಎಸ್ ನುಗ್ಗುತ್ತದೆ. ನಿಲ್ಲುವ ದೂರ ಹೆಚ್ಚಿದರೂ ಹೆಚ್ಚಿತು. ದೊಡ್ಡದು ಬೇಕೆಂದರೆ ಅದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿಯವರೇ ಹಾಕಿದ ಡಿಸ್ಕ್, ಕ್ಯಾಲಿಪರ್, ಬ್ರಾಕೆಟ್ ಸೆಟ್ಟಾಗಿ ಹುಡುಕಿ. ಫೋಕ್ಸ್‌ವ್ಯಾಗನ್ ಬಳಗದ ಎಷ್ಟೋ ಕಾರುಗಳಲ್ಲಿ 288×25 ಮತ್ತು 312×25 ಮಿ.ಮೀ. ಡಿಸ್ಕ್‌ಗಳು ಹೀಗೆ ಅಣ್ಣತಮ್ಮಂದಿರು. ಅಲಾಯ್ ಚಕ್ರದೊಳಗೆ ಕ್ಯಾಲಿಪರ್ ಹಿಡಿಸುತ್ತದೆಯೇ ಎಂದು ಮೊದಲೇ ಅಳೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರ ಬದಲಿಸುವುದಕ್ಕೆ ತಡೆ ಹಾಕುತ್ತದೆ ಎನ್ನುವುದೂ ನೆನಪಿರಲಿ. ಅಪಘಾತವಾದಾಗ ವಿಮೆಯವರು ಇಂಥದ್ದನ್ನೇ ಹುಡುಕುತ್ತಾರೆ. ಮೂಲ ಅಳತೆಯದೇ ಒಳ್ಳೆ ಡಿಸ್ಕ್ ಹಾಕಿದರೆ ಈ ತಲೆನೋವಿಲ್ಲ.

ಅಂಗಡಿಗೆ ಹೋಗುವಾಗ ಇವನ್ನು ಬರೆದುಕೊಂಡು ಹೋಗಿ: ಡಿಸ್ಕಿನ ಅಗಲ, ದಪ್ಪ, ಒಟ್ಟು ಎತ್ತರ, ನಡುವಿನ ತೂತಿನ ಅಳತೆ, ಬೋಲ್ಟ್ ಎಷ್ಟು ಮತ್ತು ಅವು ಕೂರುವ ವೃತ್ತದ ಅಳತೆ. ಎತ್ತರವನ್ನು ಎಲ್ಲರೂ ಮರೆಯುತ್ತಾರೆ. ಅಗಲ, ದಪ್ಪ ಸರಿಯಿದ್ದು ಎತ್ತರ 2 ಮಿ.ಮೀ. ತಪ್ಪಿದರೂ ಡಿಸ್ಕ್ ಕ್ಯಾಲಿಪರಿನ ಮಧ್ಯಕ್ಕೆ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾರಿನ ಹೆಸರು ಹೇಳಿದರೆ ಡಬ್ಬ ಎತ್ತಿ ಕೊಡುತ್ತಾರೆ, ಆದರೆ ಒಂದೇ ಕಾರಿಗೆ ವರ್ಷ, ಮಾಡೆಲ್ ನೋಡಿ ಡಿಸ್ಕ್ ಬೇರೆಯಾಗಿರುತ್ತದೆ. ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹೊಸದರ ಮೇಲೆ ಕನಿಷ್ಠ ದಪ್ಪದ ಅಂಕಿ ಅಚ್ಚು ಹಾಕಿರಬೇಕು, ಮಿನ್ ಟಿಎಚ್ ಎಂದು ಇರುತ್ತದೆ. ಅದಿಲ್ಲದ, ತಯಾರಕರ ಹೆಸರೂ ಇಲ್ಲದ ಡಿಸ್ಕ್ ಬೇಡ. ಯಾವಾಗಲೂ ಎಡ ಬಲ ಜೋಡಿಯಾಗಿ ಬದಲಿಸಿ, ಜೊತೆಗೆ ಹೊಸ ಪ್ಯಾಡ್.

ಟ್ರ್ಯಾಕಿಗೆ ಹೋಗುವವರಿಗೆ ಒಂದು ಪಕ್ಕದ ಮಾತು. ಡಿಸ್ಕಿಗೆ ದುಡ್ಡು ಸುರಿಯುವ ಮೊದಲು ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿ ತರುವ ಪೈಪು ಹಾಕಿಸಿ ನೋಡಿ. ಡಿಸ್ಕ್ ಎಷ್ಟು ಕಾಯುತ್ತದೆ ಎಂದು ತಿಳಿಯಲು ಬಣ್ಣ ಬದಲಿಸುವ ಪೇಂಟ್ ಸಿಗುತ್ತದೆ. ಅಂಚಿಗೆ ಹಚ್ಚಿದರೆ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತದೆ. ಯಾವ ಪ್ಯಾಡ್ ಬೇಕೆನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಹಂತ 7: ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ

ಹಳೆ ಡಿಸ್ಕ್ ತೆಗೆದ ಮೇಲೆ ಹಬ್ಬಿನ ಮುಖವನ್ನು ವೈರ್ ಬ್ರಷ್, ಎಮರಿ ಪೇಪರಿನಿಂದ ಲೋಹ ಕಾಣುವಷ್ಟು ತಿಕ್ಕಿಸಿ. ಇದನ್ನು ಬಿಟ್ಟು ಕೆಲಸ ಮುಗಿಸುವವರೇ ಜಾಸ್ತಿ. ಹಬ್ಬಿನ ಮೇಲೆ ಕೂದಲಷ್ಟು ತುಕ್ಕು ಉಳಿದರೂ ಡಿಸ್ಕಿನ ಹೊರ ಅಂಚಿನಲ್ಲಿ ಅದು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಡಿಸ್ಕ್ ಕೂರಿಸಿ, ಎರಡು ಬೋಲ್ಟ್ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಓಲಾಟ 0.05 ಮಿ.ಮೀ. ಒಳಗಿರಬೇಕು. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಬೋಲ್ಟ್ ತೂತಿನಷ್ಟು ತಿರುಗಿಸಿ ಮತ್ತೆ ಕೂರಿಸಿ ನೋಡಿ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಒರೆಸಿ. ಪೆಟ್ರೋಲ್, ಡೀಸೆಲ್ ಬೇಡ.

ಬಾಗಿದ ರೆಕ್ಕೆಯ ಡಿಸ್ಕ್ ಆದರೆ ದಿಕ್ಕು ನೋಡಿ. ಕಾರಿಗೆ ಕೂರಿಸಿದ ಮೇಲೆ ಡಿಸ್ಕಿನ ಮೇಲ್ಭಾಗದಲ್ಲಿ ರೆಕ್ಕೆಗಳು ನಡುವಿನಿಂದ ಹೊರಗೆ ಬರುತ್ತ ಕಾರಿನ ಹಿಂಬದಿಗೆ ವಾಲಿರಬೇಕು. ಗೀರು ಎತ್ತ ವಾಲಿದೆ ಎಂದು ನೋಡಿ ಎಡ ಬಲ ತೀರ್ಮಾನಿಸಬೇಡಿ. ಗೀರಿನ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆ. ಡಿಸ್ಕಿನ ಮೇಲಿನ ಎಡ ಬಲ ಗುರುತೇ ಕೊನೆಯ ಮಾತು.

ಚಕ್ರದ ಬೋಲ್ಟುಗಳನ್ನು ಗಾಳಿ ಗನ್ನಿನಿಂದ ಟರ್ರೆಂದು ಬಿಗಿಯಲು ಬಿಡಬೇಡಿ. ಒಂದು ಬಿಟ್ಟು ಒಂದರಂತೆ ಎಷ್ಟು ಬಿಗಿಯಾಯಿತು ಎಂದು ತಿಳಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ಸಾಮಾನ್ಯವಾಗಿ 120 ನ್ಯೂಟನ್ ಮೀಟರ್. ಬೇರೆಯವಕ್ಕೆ ಮ್ಯಾನುಯಲ್ ನೋಡಿ. ಪಂಕ್ಚರ್ ಅಂಗಡಿಯಲ್ಲೂ ಇದೇ ನಿಯಮ.

ಹೊರಡುವ ಮೊದಲು ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ. ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ!

ಹಂತ 8: ಬೆಡ್ಡಿಂಗ್

ಬೆಡ್ಡಿಂಗ್ ಎಂದರೆ ಪ್ಯಾಡಿನ ತೆಳು ಪದರವೊಂದನ್ನು ಡಿಸ್ಕಿನ ಮುಖಕ್ಕೆ ಎಲ್ಲ ಕಡೆ ಸಮನಾಗಿ ಅಂಟಿಸುವುದು. ಪ್ಯಾಡಿನ ಡಬ್ಬದಲ್ಲಿ ಕ್ರಮ ಬರೆದಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಹೀಗೆ: ಬೆಳಗಿನ ಜಾವ ಖಾಲಿ ರಸ್ತೆ ಹುಡುಕಿ, ಹಿಂದೆ ಗಾಡಿ ಇಲ್ಲದ್ದು ಖಚಿತ ಮಾಡಿಕೊಳ್ಳಿ. ಮೊದಲು 50ರಿಂದ 10ಕ್ಕೆ ಹಗುರಾಗಿ ಕೆಲವು ಸಲ ಇಳಿಸಿ. ಆಮೇಲೆ 80ರಿಂದ 10ಕ್ಕೆ, ಎಬಿಎಸ್ ಬರದಷ್ಟು ಜೋರಾಗಿ, ಎಂಟು-ಹತ್ತು ಸಲ. ನಡುವೆ ನಿಲ್ಲಿಸಬೇಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದರೆ ಅಲ್ಲೇ ಅದರ ಅಚ್ಚು ಮೂಡುತ್ತದೆ, ನಡುಕ ಶುರುವಾಗುವುದು ಅಲ್ಲಿಂದಲೇ. ಕೊನೆಗೆ ಹತ್ತು-ಹದಿನೈದು ನಿಮಿಷ ಬ್ರೇಕ್ ಮುಟ್ಟದಷ್ಟು ನಿಧಾನ ಓಡಿಸಿ ಆರಲು ಬಿಡಿ. ವಾಸನೆ, ಸ್ವಲ್ಪ ಹೊಗೆ ಬರಬಹುದು, ಗಾಬರಿ ಬೇಡ. ಮುಖಕ್ಕೆ ಒಂದೇ ಸಮನಾದ ಬೂದು-ನೀಲಿ ಬಣ್ಣ ಬಂದಿದ್ದರೆ ಕೆಲಸ ಆಯಿತು.

ಟ್ರ್ಯಾಕಿನಿಂದ ಒಳಗೆ ಬಂದಾಗಲೂ ಇದೇ ಎಚ್ಚರ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಘಾಟಿ ಇಳಿದು ಬಂದು ಸೀದಾ ವಾಟರ್ ಸರ್ವಿಸಿಗೆ ನುಗ್ಗುವವರಿದ್ದಾರೆ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕ್ ಸೀಳಬಹುದು.

ಹಂತ 9: ಆಮೇಲೆ ನೋಡುತ್ತಿರಬೇಕಾದ್ದು

ಪ್ರತಿ ಸರ್ವಿಸ್‌ನಲ್ಲಿ ಮೈಕ್ರೋಮೀಟರ್ ಹಿಡಿದು ದಪ್ಪ ಅಳೆಯಿಸಿ. ಮಾಮೂಲಿ ವರ್ನಿಯರ್ ಡಿಸ್ಕಿನ ಅಂಚಿನಲ್ಲಿ ಸವೆಯದೆ ಎದ್ದಿರುವ ಏರಿಗೆ ತಾಗಿ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬೇಡಿ. ಅಚ್ಚು ಹಾಕಿದ ಕನಿಷ್ಠ ದಪ್ಪಕ್ಕೆ ಬಂದರೆ ಬದಲಿಸಲೇಬೇಕು. ಗ್ಯಾರೇಜಿನವರು "ಲೇತ್‌ಗೆ ಕೊಟ್ಟು ಸ್ಕಿಮ್ಮಿಂಗ್ ಮಾಡಿಸೋಣ" (ಮುಖ ಕಡಿದು ಸಮ ಮಾಡಿಸೋಣ) ಎಂದರೆ, ಕಡಿದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂದು ಮೊದಲು ಕೇಳಿ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ತೂತು, ಗೀರಿನ ಡಿಸ್ಕನ್ನು ಮಾಮೂಲಿ ಲೇತ್ ಅಂಗಡಿಗೆ ಕೊಡಬೇಡಿ.

ಟ್ರ್ಯಾಕಿನಲ್ಲಿ ಓಡಿಸಿದ ಮೇಲೆ ಡಿಸ್ಕ್ ತಣ್ಣಗಾದಾಗ ಅಲ್ಲೇ ಟಾರ್ಚ್ ಹಾಕಿ ಎರಡೂ ಮುಖ ನೋಡಿ. ಒಳಮುಖವನ್ನು ಮರೆಯಬೇಡಿ, ಅದು ಚಕ್ರ ಬಿಚ್ಚದೆ ಕಾಣುವುದಿಲ್ಲ. ಜೇಡರ ಬಲೆಯಂತೆ ಸಣ್ಣ ಗೆರೆಗಳಿದ್ದು ಉಗುರಿಗೆ ಸಿಗದಿದ್ದರೆ ಇನ್ನೂ ಓಡಿಸಬಹುದು. ಗೆರೆ ಉಗುರಿಗೆ ಸಿಕ್ಕಿತು, ಹೊರ ಅಂಚಿಗೆ ಮುಟ್ಟಿತು, ಇಲ್ಲವೇ ಒಂದು ತೂತಿನಿಂದ ಇನ್ನೊಂದಕ್ಕೆ ದಾಟಿತು ಎಂದರೆ ಆ ಕಾರನ್ನು ಅಲ್ಲಿಂದ ಓಡಿಸಿಕೊಂಡು ಮನೆಗೆ ಬರಬೇಡಿ. ಟ್ರ್ಯಾಕಿಗೆ ಹೊರಡುವಾಗ ಡಿಕ್ಕಿಯಲ್ಲಿ ಒಂದು ಜೊತೆ ಹಳೆಯ ಒಳ್ಳೆ ಡಿಸ್ಕ್, ಜ್ಯಾಕ್, ಟಾರ್ಕ್ ರೆಂಚ್ ಇಟ್ಟುಕೊಂಡು ಹೋಗಿ.